ಹಲ್ಲಿ ನುಡಿದ ಸಿದ್ಧಾಂತ

ನಮ್ಮ ಮನೆಯ ಹಾಲ್‌ನಲ್ಲಿ ಇನ್ನೂ ಒಂದು ಹಳೆಯ ಟ್ಯೂಬ್‌ಲೈಟ್ ಇದೆ. ಸ್ವಿಚ್ ಹಾಕಿದ ಕೂಡಲೇ ಉರಿಯುತ್ತದೆ ಎಂದುಕೊಳ್ಳಬೇಡಿ. ನಾಲ್ಕು ಸಲ ಕಣ್ಣು ಮಿಟುಕಿಸಿ, ಸ್ವಲ್ಪ ಹೊತ್ತು ಗುಂಯ್ ಎಂದು ಗೊಣಗಿ, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಬೆಳಕು ಕೊಡುತ್ತದೆ. ಮೊನ್ನೆ ಫ್ಯಾನ್ ರಿಪೇರಿಗೆ ಬಂದಿದ್ದ ಎಲೆಕ್ಟ್ರಿಷಿಯನ್ ಏಣಿಯ ಮೇಲಿಂದಲೇ, "ಆಂಟಿ, ಇದನ್ನ ತೆಗೆದು ಎಲ್‌ಇಡಿ ಹಾಕ್ಬಿಡ್ಲಾ? ಇಡೀ ಆರ್‌ಪಿಸಿ ಲೇಔಟ್‌ನಲ್ಲಿ ಇಂಥದ್ದು ನಿಮ್ಮನೇಲಿ ಮಾತ್ರ ಇರೋದು" ಎಂದ. ನಾನು ಬೇಡವೆಂದೆ. ಯಾಕೆ ಎಂದು ಕೇಳಿದ. "ಅದರ ಹಿಂದೆ ಬಾಡಿಗೆಗೆ ಇದ್ದಾರಪ್ಪ" ಎಂದೆ. ಅವನು ಟ್ಯೂಬ್‌ಲೈಟಿನ ಪಟ್ಟಿಯ ಹಿಂದೆ ಇಣುಕಿ, ಹಲ್ಲಿಯ ಬಾಲ ಕಂಡು, ಏಣಿಯ ಎರಡು ಮೆಟ್ಟಿಲು ಕೆಳಗಿಳಿದ.

ಅವನಿಗೇನು ಗೊತ್ತು? ನಮ್ಮ ಮನೆಯಲ್ಲಿ ಹಲ್ಲಿಯೆಂದರೆ ಬರೀ ಹುಳ ತಿನ್ನುವ ಪ್ರಾಣಿಯಲ್ಲ, ಅದೊಂದು ಅಧಿಕಾರ. ಯಾರಾದರೂ ಒಂದು ಮಾತು ಆಡಿದ ಬೆನ್ನಿಗೇ ಹಲ್ಲಿ ಲೊಚಗುಟ್ಟಿತೆಂದರೆ ಆ ಮಾತು ನಿಜ. ಕೂಡಲೇ ಕೂತಲ್ಲೇ ನೆಲವನ್ನೋ ಕುರ್ಚಿಯ ಕೈಯನ್ನೋ ಬೆರಳಿನಿಂದ ತಟ್ಟಿ "ಕೃಷ್ಣ ಕೃಷ್ಣ" ಎನ್ನಬೇಕು. ನಿಮಗೂ ಇದು ಗೊತ್ತಿರುತ್ತದೆ. ಇಂಥದ್ದನ್ನೆಲ್ಲ ನಂಬುವುದಿಲ್ಲ ಎನ್ನುವವರನ್ನೂ ನಾನು ಕಂಡಿದ್ದೇನೆ. ಅವರು ಬೆರಳನ್ನು ಜೇಬಿನೊಳಗೆ ಇಟ್ಟುಕೊಂಡು ತಟ್ಟುತ್ತಾರೆ.

ನನ್ನ ಅಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ನೀರೆತ್ತುವ ಪಂಪು ತಯಾರಿಸುವ ಒಂದು ಚಿಕ್ಕ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಇನ್‌ಸ್ಪೆಕ್ಟರ್ ಎಂದು ಶಾಲೆಯಲ್ಲಿ ಹೇಳಿದರೆ ಗೆಳತಿಯರು ಪೊಲೀಸ್ ಎಂದುಕೊಳ್ಳುತ್ತಿದ್ದರು, ನಾನೂ ತಿದ್ದಲು ಹೋಗುತ್ತಿರಲಿಲ್ಲ. ಅಪ್ಪ ಹಿಡಿಯುತ್ತಿದ್ದದ್ದು ಕಳ್ಳರನ್ನಲ್ಲ, ಅಳತೆ ತಪ್ಪಿದ ಬೋಲ್ಟುಗಳನ್ನು. ಅವರ ಹತ್ತಿರ ಗೇಜು ಎಂಬ ಒಂದು ಉಕ್ಕಿನ ಸಾಧನವಿತ್ತು. ಅದರ ಒಂದು ಬಾಯೊಳಗೆ ಬೋಲ್ಟು ಹೋಗಬೇಕು, ಇನ್ನೊಂದು ಬಾಯೊಳಗೆ ಹೋಗಬಾರದು, ಅಷ್ಟೇ ಅದರ ವೇದಾಂತ. "ನೋಡಕ್ಕೆ ಚೆನ್ನಾಗಿದೆ ಸಾರ್, ಪಾಸ್ ಮಾಡಿ" ಎಂದು ಯಾರು ಬೇಡಿಕೊಂಡರೂ, "ಗೇಜಿಗೆ ಹಾಕದೆ ನಾನು ನನ್ನಪ್ಪನ್ನೂ ಪಾಸ್ ಮಾಡಲ್ಲ" ಎನ್ನುತ್ತಿದ್ದರಂತೆ. ಅಂಥ ಮನುಷ್ಯ ಸಾಯಂಕಾಲ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಹಲ್ಲಿ ಹೇಳಿದ್ದನ್ನೆಲ್ಲ ಪಾಸ್ ಮಾಡುತ್ತಿದ್ದರು. ಕಾರ್ಖಾನೆಯ ಬುದ್ಧಿಯನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಡುತ್ತಿದ್ದರೆಂದು ಕಾಣುತ್ತದೆ.

ಅಮ್ಮ ಮಾತ್ರ ಹಲ್ಲಿಯನ್ನು ತನ್ನ ಅಳತೆಗೆ ಹೊಲಿಸಿಕೊಂಡಿದ್ದಳು. ಒಮ್ಮೆ ಅಪ್ಪ, "ಈ ವರ್ಷವೂ ಮನೆ ಕಟ್ಟೋದು ಆಗಲ್ಲ ಬಿಡು" ಎಂದರು. ಹಲ್ಲಿ ಲೊಚ್ ಲೊಚ್ ಎಂದಿತು. ಅಪ್ಪ ಕುರ್ಚಿ ತಟ್ಟಲು ಬೆರಳೆತ್ತುವಷ್ಟರಲ್ಲಿ ಅಮ್ಮ ಒಲೆಯ ಮುಂದಿನಿಂದಲೇ, "ನೀವೇನು ತಟ್ಟಬೇಡಿ. ಅದು ನಾನು ಮನಸ್ಸಲ್ಲಿ ಅಂದ್ಕೊಂಡಿದ್ದಕ್ಕೆ ನುಡಿದಿದ್ದು" ಎಂದಳು. ಏನಂದುಕೊಂಡೆ ಎಂದು ಅಪ್ಪ ಕೇಳಿದರು. "ಈ ವರ್ಷ ಪಾಯ ಹಾಕ್ತೀವಿ ಅಂತ." ಆ ವರ್ಷ ಪಾಯ ಬಿತ್ತು. ಈಗ ನಾನು ಕೂತು ಇದನ್ನು ಬರೆಯುತ್ತಿರುವುದು ಆ ಪಾಯದ ಮೇಲೆಯೇ.

ನಾನೂ ಅಮ್ಮನ ಮಗಳಲ್ಲವೇ, ಒಂದು ಪ್ರಯೋಗ ಮಾಡಿದ್ದೆ. ಐದನೆಯ ಕ್ಲಾಸಿನಲ್ಲಿದ್ದಾಗ, "ನಾಳೆ ಸ್ಕೂಲಿಗೆ ರಜ" ಎಂದೆ, ಹಲ್ಲಿ ನುಡಿಯಿತು, ಹೋಂವರ್ಕ್ ಮಾಡದೆ ಮಲಗಿದೆ. ಮರುದಿನ ಶಾಲೆ ಇತ್ತು, ಬೆತ್ತವೂ ಇತ್ತು. ಕೈ ಊದಿಸಿಕೊಂಡು ಮನೆಗೆ ಬಂದವಳು ಹಲ್ಲಿ ಸುಳ್ಳು ಹೇಳಿತೆಂದು ಒಪ್ಪಲಿಲ್ಲ. ನುಡಿದದ್ದು ನಮ್ಮ ಹಲ್ಲಿಯಲ್ಲ, ಪಕ್ಕದ ಮನೆಯದು ಎಂದು ತೀರ್ಮಾನಿಸಿದೆ.

ಇಂಥವಳು ಮುಂದೆ ಹೈಸ್ಕೂಲಿನ ವಿಜ್ಞಾನದ ಟೀಚರ್ ಆದಳು ಎಂದರೆ ನೀವು ನಗಬಹುದು, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪ್ರತಿ ಜೂನ್ ತಿಂಗಳಲ್ಲೂ ಮೊದಲ ಪಾಠವೇ ವೈಜ್ಞಾನಿಕ ವಿಧಾನ. ಬೋರ್ಡಿನ ಮೇಲೆ ಮೂರು ಮೆಟ್ಟಿಲು ಬರೆಯುತ್ತಿದ್ದೆ. ಕೆಳಗಿನದು ಪ್ರಾಕ್ಕಲ್ಪನೆ, ಅಂದರೆ ಪರೀಕ್ಷೆಗೆ ಒಡ್ಡಬಹುದಾದ ಊಹೆ. ಪರೀಕ್ಷೆಯಲ್ಲಿ ಗೆದ್ದರೆ ಅದು ಎರಡನೆಯ ಮೆಟ್ಟಿಲು ಹತ್ತಿ ಸಿದ್ಧಾಂತವಾಗುತ್ತದೆ. ಇನ್ನೂ ಗೆಲ್ಲುತ್ತಾ ಹೋದರೆ ಮೂರನೆಯ ಮೆಟ್ಟಿಲು ಹತ್ತಿ ನಿಯಮವಾಗುತ್ತದೆ. ಗುಮಾಸ್ತ, ಹೆಡ್ ಗುಮಾಸ್ತ, ಸೂಪರಿಂಟೆಂಡೆಂಟ್. ಮೆಟ್ಟಿಲುಗಳಿಗೆ ಬಣ್ಣದ ಸೀಮೆಸುಣ್ಣ ಬೇರೆ. ಆ ಚಿತ್ರದ ಬಗ್ಗೆ ನನಗೆ ಎಷ್ಟು ಹೆಮ್ಮೆಯೆಂದರೆ ತಪಾಸಣೆಗೆ ಸಾಹೇಬರು ಬರುವ ದಿನ ಯಾವ ಪಾಠ ನಡೆಯುತ್ತಿದ್ದರೂ ಅದನ್ನೇ ಬರೆದಿಡುತ್ತಿದ್ದೆ.

ಒಂದು ವರ್ಷ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಹಂಗಾದ್ರೆ ವಿಕಾಸದ ಸಿದ್ಧಾಂತಕ್ಕೆ ಇಷ್ಟು ವರ್ಷ ಆದ್ರೂ ಯಾಕೆ ಪ್ರಮೋಷನ್ ಸಿಕ್ಕಿಲ್ಲ?" ಎಂದು ಕೇಳಿದಳು. ಇಡೀ ಕ್ಲಾಸು ನನ್ನ ಮುಖ ನೋಡಿತು. ಉತ್ತರ ಗೊತ್ತಿಲ್ಲದ ಟೀಚರು ಹೇಳುವ ಮಾತನ್ನೇ ಹೇಳಿದೆ. "ಅದು ಸಿಲಬಸ್‌ನಲ್ಲಿ ಇಲ್ಲ, ಕೂತ್ಕೋ." ಅವಳು ಕೂತಳು. ಪ್ರಶ್ನೆ ಮಾತ್ರ ನನ್ನ ನಿವೃತ್ತಿಯವರೆಗೂ ನಿಂತೇ ಇತ್ತು.

ಅಮ್ಮ ತೀರಿಕೊಂಡು ಐದು ವರ್ಷವಾಯಿತು. ಈಗ ಮನೆಯಲ್ಲಿ ನಾನು, ಎಂಬತ್ತು ದಾಟಿದ ಅಪ್ಪ, ಮತ್ತು ಬೆಳಿಗ್ಗೆ ಸಾಯಂಕಾಲ ಅಡಿಗೆಗೆ ಬರುವ ಕೊಪ್ಪಳದ ಕಡೆಯ ಶಾಂತವ್ವ. ಕಳೆದ ವರ್ಷ ಅಪ್ಪನ ಬಲಗಣ್ಣಿಗೆ ಪೊರೆ ಬಂತು. ಪೊರೆ ತೆಗೆಸುವುದು ಈಗ ಹಲ್ಲು ಕೀಳಿಸಿದಷ್ಟೇ ಮಾಮೂಲು ಎಂದು ನೀವು ಹೇಳಬಹುದು. ಆದರೆ ಅಪ್ಪನ ಎಡಗಣ್ಣು ಎಂದೋ ಹೋಗಿದೆ. ಕಾರ್ಖಾನೆಯ ಲೇತ್ ಯಂತ್ರದಿಂದ ಸಿಡಿದ ಒಂದು ಉಕ್ಕಿನ ಚೂರು ಬಿದ್ದು, ಅದರಲ್ಲಿ ಹಗಲು ಯಾವುದು ಸಂಜೆ ಯಾವುದು ಎಂಬಷ್ಟು ಮಾತ್ರ ತಿಳಿಯುತ್ತದೆ. ಮಿಕ್ಕ ಕೆಲಸವನ್ನೆಲ್ಲ ಬಲಗಣ್ಣೇ ಮಾಡಿಕೊಂಡು ಬಂದಿತ್ತು. ಡಾಕ್ಟರ್ ನೋಡಿ, "ಇನ್ನು ತಡ ಮಾಡ್ಬೇಡಿ, ಪೊರೆ ಗಟ್ಟಿಯಾಗ್ತಾ ಇದೆ. ಗಟ್ಟಿಯಾದಷ್ಟೂ ಕಷ್ಟ" ಎಂದು ದಿನ ಗೊತ್ತುಮಾಡಿಕೊಟ್ಟರು.

ಆ ದಿನಕ್ಕೆ ಇನ್ನೆರಡು ದಿನವಿದೆ ಎನ್ನುವಾಗ, ಸಂಜೆ ದೀಪ ಹಾಕಿದ ಹೊತ್ತಿನಲ್ಲಿ, ಅಪ್ಪ ತಮ್ಮ ಬೆತ್ತದ ಕುರ್ಚಿಯಲ್ಲಿ ಕೂತು, "ಆಪರೇಷನ್ ಮಾಡಿದ್ರೂ ಈ ಕಣ್ಣು ಬರಲ್ಲ ಕಣೇ" ಎಂದರು.

ಲೊಚ್ ಲೊಚ್ ಲೊಚ್.

ಅಪ್ಪ ಕುರ್ಚಿಯ ಕೈ ತಟ್ಟಿದರು. "ಕೃಷ್ಣ ಕೃಷ್ಣ. ನಾಳೆ ಫೋನ್ ಮಾಡಿ ಬರಲ್ಲ ಅಂತ ಹೇಳ್ಬಿಡು."

ನನಗೆ ಮೈ ಉರಿಯಿತು. ಆದರೂ ಅಮ್ಮನ ವಿದ್ಯೆಯನ್ನೇ ಮೊದಲು ಪ್ರಯೋಗಿಸಿದೆ. "ಅದು ನಿಮ್ಮ ಮಾತಿಗಲ್ಲಪ್ಪ, ನಾನು ಮನಸ್ಸಲ್ಲಿ ಅಂದ್ಕೊಂಡಿದ್ದಕ್ಕೆ ನುಡಿದಿದ್ದು."

"ಆ ವಿದ್ಯೆ ನಿಮ್ಮಮ್ಮಂಗೆ ಮಾತ್ರ ಒಲಿದಿತ್ತು" ಎಂದು ಅಪ್ಪ ಕಣ್ಣು ಮುಚ್ಚಿಕೊಂಡರು.

ಬೇಡಿದೆ, ಬೈದೆ, ಒಂದು ಹೊತ್ತು ಊಟ ಬಿಟ್ಟೆ. ಒಂದು ಹೊತ್ತೇ, ಯಾಕೆಂದರೆ ಶಾಂತವ್ವ ಅಂದು ಜೋಳದ ರೊಟ್ಟಿ ಮಾಡಿದ್ದಳು. ಯಾವುದಕ್ಕೂ ಅಪ್ಪ ಜಗ್ಗಲಿಲ್ಲ. ಆಸ್ಪತ್ರೆಯ ದಿನ ಬಂತು, ಹೋಯಿತು. ಆಗ ನನ್ನೊಳಗಿನ ಟೀಚರು ಎದ್ದು ನಿಂತಳು. "ಅಪ್ಪ, ಹಲ್ಲಿ ನುಡಿದರೆ ನಿಜ ಅನ್ನೋದು ಒಂದು ಪ್ರಾಕ್ಕಲ್ಪನೆ. ಪರೀಕ್ಷೆ ಮಾಡೋಣ. ಮೂರು ವಾರ. ಹಲ್ಲಿ ನುಡಿದಾಗಲೆಲ್ಲ ಯಾರು ಏನು ಹೇಳಿದ್ರು, ಅದು ನಿಜ ಆಯ್ತಾ ಸುಳ್ಳಾಯ್ತಾ ಅಂತ ಬರೆದಿಡ್ತೀನಿ. ಹಲ್ಲಿ ಫೇಲಾದ್ರೆ ನೀವು ಆಸ್ಪತ್ರೆಗೆ ಬರಬೇಕು."

"ಬರಿ ನೋಡೋಣ" ಎಂದರು ಅಪ್ಪ. ಪರೀಕ್ಷೆ ಎಂಬ ಮಾತಿಗೆ ಅವರು ಇಲ್ಲವೆಂದದ್ದೇ ಇಲ್ಲ.

ನನ್ನ ಹಳೆಯ ಪಾಠಯೋಜನೆಯ ಪುಸ್ತಕದಲ್ಲಿ ಖಾಲಿ ಹಾಳೆಗಳಿದ್ದವು, ಗೆರೆ ಎಳೆದೆ. ಮೊದಲ ವಾರವೇ ನನಗೆ ಹಬ್ಬ. "ಮೂರು ಸೀಟಿ ಸಾಕ್ರೀ, ಬ್ಯಾಳಿ ಬೆಂದಿರ್ತೈತಿ" ಎಂದಳು ಶಾಂತವ್ವ. ಹಲ್ಲಿ ನುಡಿಯಿತು. ಬೇಳೆ ಬಾಯಿಗೆ ಕಲ್ಲಿನಂತೆ ಸಿಕ್ಕಿತು. "ಆಟೋ ಎರಡೇ ನಿಮಿಷದಲ್ಲಿ ಬರುತ್ತಂತೆ" ಎಂದು ಮೊಬೈಲು ನೋಡಿ ನಾನು ಹೇಳಿದೆ. ಹಲ್ಲಿ ನುಡಿಯಿತು. ಆಟೋ ಅರ್ಧ ಗಂಟೆ ಚಂದ್ರಾ ಲೇಔಟ್‌ನಲ್ಲೇ ಗಿರಕಿ ಹೊಡೆದು ಕ್ಯಾನ್ಸಲ್ ಆಯಿತು. "ನಾಳೆ ಬೆಳಿಗ್ಗೆ ನೀರು ಬಿಡ್ತಾರೆ" ಎಂದರು ಎದುರು ಮನೆಯವರು. ಹಲ್ಲಿ ನುಡಿಯಿತು. ಮರುದಿನ ನಲ್ಲಿ ಗಾಳಿ ಬಿಟ್ಟಿತು. ನಾನು ಒಂದೊಂದನ್ನೂ ಸಂತೋಷದಿಂದ, ದುಂಡಗಿನ ಅಕ್ಷರದಲ್ಲಿ ಬರೆದೆ.

ಅಪ್ಪ ಸೋಲೊಪ್ಪುವ ಜಾತಿಯಲ್ಲ. ಎದುರು ಮನೆಯವರ ಮಾತು ಲೆಕ್ಕಕ್ಕಿಲ್ಲ, ಮನೆಯವರೇ ಆಡಬೇಕು ಎಂದರು. ಆಟೋದ ಮಾತು ಮೊಬೈಲಿನದು, ನನ್ನದಲ್ಲ ಎಂದರು. ಬೇಳೆಯ ವಿಷಯದಲ್ಲಿ, ಹಲ್ಲಿ ಎರಡೇ ಸಲ ಲೊಚ್ ಎಂದಿತ್ತು, ಮೂರು ಸಲ ಎನ್ನಬೇಕು ಎಂದರು. ಪಕ್ಕದ ಮನೆಯ ಹಲ್ಲಿ ಎಂದಿದ್ದ ಐದನೆಯ ಕ್ಲಾಸಿನ ಹುಡುಗಿ ಯಾರ ಮಗಳೆಂದು ನನಗೆ ಆಗ ಸರಿಯಾಗಿ ತಿಳಿಯಿತು.

ಇದರ ನಡುವೆ ಒಂದು ಸಂಜೆ, "ಪ್ರಾಕ್ಕಲ್ಪನೆ ಪ್ರಾಕ್ಕಲ್ಪನೆ ಅಂತೀಯಲ್ಲ, ಮಕ್ಕಳಿಗೆ ಏನಂತ ಹೇಳ್ಕೊಡ್ತಿದ್ದೆ?" ಎಂದು ಕೇಳಿದರು. ನಾನು ಉತ್ಸಾಹದಿಂದ ನನ್ನ ಮೆಟ್ಟಿಲುಗಳನ್ನು ವರ್ಣಿಸಿದೆ. ಪ್ರಾಕ್ಕಲ್ಪನೆ ಪಾಸಾದರೆ ಸಿದ್ಧಾಂತ, ಸಿದ್ಧಾಂತ ಪಾಸಾದರೆ ನಿಯಮ. ಅಪ್ಪ ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿದರು.

"ಮೂವತ್ತು ವರ್ಷ ಬೋಲ್ಟ್ ಪಾಸ್ ಮಾಡಿದೀನಿ ಕಣೇ. ಎಷ್ಟು ಸಲ ಪಾಸಾದ್ರೂ ಬೋಲ್ಟು ಬೋಲ್ಟೇ. ಬಡ್ತಿ ಸಿಕ್ಕಿ ಪಂಪಾಗಿದ್ದು ನಾನು ನೋಡ್ಲಿಲ್ಲ."

"ಮತ್ತೆ ಪಂಪ್ ಹೇಗಾಗುತ್ತೆ?"

"ಪಾಸಾಗಿರೋ ಬೋಲ್ಟು, ಶಾಫ್ಟು, ಬೇರಿಂಗು ಎಲ್ಲಾ ಒಂದು ಡ್ರಾಯಿಂಗ್ ಪ್ರಕಾರ ಕೂತು, ನೀರೆತ್ತಿದ್ರೆ ಅದು ಪಂಪು. ನಿನ್ನ ಸಿದ್ಧಾಂತ ಅಂದ್ರೆ ಅದೇ ಇರಬೇಕು. ಮುಂದೆ ಯಾವ ಭಾಗ ಮಾಡಿ ನೋಡ್ಬೇಕು ಅನ್ನೋದನ್ನೂ ಆ ಡ್ರಾಯಿಂಗೇ ಹೇಳುತ್ತೆ."

"ನಿಯಮ?"

"ಇಷ್ಟು ಸುತ್ತು ತಿರುಗಿದ್ರೆ ಇಷ್ಟು ನೀರು ಅಂತ ಪಂಪಿನ ಮೈಮೇಲೆ ಒಂದು ಪಟ್ಟಿ ಹೊಡೀತಿದ್ವಲ್ಲ, ಅದು. ಪಂಪು ಯಾವತ್ತಾದ್ರೂ ಪಟ್ಟಿ ಆಗುತ್ತಾ? ಅದರ ಕೆಲಸ ಅದಕ್ಕೆ, ಇದರ ಕೆಲಸ ಇದಕ್ಕೆ."

ಕೊನೆಯ ಬೆಂಚಿನ ಹುಡುಗಿಗೆ ಹೇಳಬೇಕಾಗಿದ್ದ ಉತ್ತರ ಇಷ್ಟು ವರ್ಷ ನಮ್ಮ ಮನೆಯ ಬೆತ್ತದ ಕುರ್ಚಿಯಲ್ಲೇ ಕಾಫಿ ಕುಡಿಯುತ್ತಾ ಕೂತಿತ್ತು. ಎಷ್ಟು ತಲೆಗಳಿಗೆ ಆ ಬಣ್ಣದ ಮೆಟ್ಟಿಲು ಹತ್ತಿಸಿದೆನೋ ಎಂದು ನೆನೆದು ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು, "ಸರಿ, ಒಂದು ಭಾಗ ಕೈಕೊಟ್ರೆ ಪಂಪನ್ನೇ ಎಸೀತೀರಾ?" ಎಂದು ಕೆಣಕಿದೆ.

"ಯಾಕೆ ಎಸೀತೀವಿ? ಮೊದಲು ಆ ಭಾಗ ನೋಡ್ತೀವಿ. ಆದ್ರೆ ದಿನಾ ಒಂದೊಂದು ಕೈಕೊಡ್ತಾ ಇದ್ದು, ದಿನಾ ಒಂದೊಂದು ತೇಪೆ ಹಾಕ್ತಾ ಹೋದ್ರೆ, ಡ್ರಾಯಿಂಗೇ ತಪ್ಪು ಅಂತ ಅರ್ಥ."

"ಎದುರು ಮನೆಯವರದ್ದು ಲೆಕ್ಕಕ್ಕಿಲ್ಲ, ಮೊಬೈಲಿಂದು ಲೆಕ್ಕಕ್ಕಿಲ್ಲ, ಎರಡೇ ಸಲ ಲೊಚ್ ಅಂತು. ಇವು ತೇಪೆಯಲ್ವಾ ಅಪ್ಪ?"

ಅಪ್ಪ ಟಿವಿ ಹಾಕು ಎಂದರು.

ಮೂರು ವಾರ ಮುಗಿಯಿತು. ಪುಸ್ತಕವನ್ನು ತಂದು ತೀರ್ಪು ಓದುವವಳ ಗತ್ತಿನಲ್ಲಿ ಓದಿದೆ. ಹದಿನಾಲ್ಕು ಸುಳ್ಳು, ಎರಡು ನಿಜ. ಅಪ್ಪ ಕೇಳಿಸಿಕೊಂಡು, ಕುರ್ಚಿಯ ಕೆಳಗೆ ಕೈ ಹಾಕಿ ಎರಡು ಸ್ಟೀಲ್ ಬಟ್ಟಲು ಹೊರತೆಗೆದರು. ಎರಡರಲ್ಲೂ ಹುಣಸೆ ಬೀಜ. ಶಾಂತವ್ವನ ಹತ್ತಿರ ಅವರು ಹುಣಸೆ ಬೀಜ ಕೇಳಿ ಪಡೆದದ್ದು ನನಗೆ ಗೊತ್ತಿತ್ತು, ಚೌಕಾಬಾರಕ್ಕೆ ಎಂದುಕೊಂಡಿದ್ದೆ. ಕಣ್ಣು ಕಾಣದವರು ಕಿವಿಯಿಂದ ಕೇಳಿ, ನಿಜವಾದರೆ ಒಂದು ಬಟ್ಟಲಿಗೆ, ಸುಳ್ಳಾದರೆ ಇನ್ನೊಂದಕ್ಕೆ ಒಂದೊಂದು ಬೀಜ ಹಾಕುತ್ತಾ ಬಂದಿದ್ದರು.

"ಎಣಿಸು" ಎಂದರು.

ಎಣಿಸಿದೆ. ಸುಳ್ಳಿನ ಬಟ್ಟಲಲ್ಲಿ ಹದಿನಾಲ್ಕು. ನಿಜದ ಬಟ್ಟಲಲ್ಲಿ ಹನ್ನೊಂದು.

"ನಿನ್ನ ಪುಸ್ತಕದಲ್ಲಿ ಒಂಬತ್ತು ಪಾಸ್ ಎಲ್ಲಿ ಹೋಯ್ತಮ್ಮ?"

ನಾನು ಸುಳ್ಳು ಬರೆದಿರಲಿಲ್ಲ, ನಂಬಿ. ಆದರೆ ಹಲ್ಲಿಯ ಮಾತು ಸುಳ್ಳಾದಾಗ ಓಡಿಹೋಗಿ ಪೆನ್ನು ತರುತ್ತಿದ್ದವಳು, ನಿಜವಾದಾಗ ಆಮೇಲೆ ಬರೆದರಾಯಿತು ಎಂದು ಕೂತಲ್ಲೇ ಕೂತಿರುತ್ತಿದ್ದೆ. "ಸೊಪ್ಪು ಎಳೆಯದಿದೆ" ಎಂದು ಶಾಂತವ್ವ ಹೇಳಿ, ಹಲ್ಲಿ ನುಡಿದು, ಸೊಪ್ಪು ಎಳೆಯದೇ ಆಗಿದ್ದರೆ ಅದರಲ್ಲಿ ಬರೆಯುವಂಥದ್ದೇನಿದೆ ಅನ್ನಿಸಿತ್ತು.

"ಹಲ್ಲಿ ಫೇಲು ಕಣೇ, ಒಪ್ತೀನಿ" ಎಂದರು ಅಪ್ಪ. "ಸುಮ್ನೆ ಕಣ್ಣು ಮುಚ್ಚಿ ಹೇಳಿದ್ರೂ ಅರ್ಧಕ್ಕರ್ಧ ನಿಜ ಆಗುತ್ತೆ. ಆದ್ರೆ ನೀನೂ ಫೇಲು."

"ಆಯ್ತು, ನಾನೂ ಫೇಲು. ಈಗ ಆಸ್ಪತ್ರೆಗೆ ಫೋನ್ ಮಾಡ್ಲಾ?"

"ಹಲ್ಲಿ ಸುಳ್ಳು ಅಂತಾದ್ರೆ ನನ್ನ ಕಣ್ಣು ಬರುತ್ತೆ ಅಂತಾಯ್ತಾ?"

ಹಲ್ಲಿ ಸೋತದ್ದರಿಂದ ಕಣ್ಣು ಗೆದ್ದಂತಾಗಲಿಲ್ಲ ಎಂಬುದು ಸರಿಯಾಗಿಯೇ ಇತ್ತು. ಅಪ್ಪ ನಿಜದ ಬಟ್ಟಲಿನ ಬೀಜಗಳಲ್ಲಿ ಬೆರಳಾಡಿಸುತ್ತಾ ಕೂತರು. ಆಮೇಲೆ ತಲೆ ಎತ್ತದೆ, "ಎಡಗಣ್ಣಿಗೂ ಆವಾಗ ಡಾಕ್ಟರು ಸರಿಹೋಗುತ್ತೆ ಅಂತಾನೇ ಹೇಳಿದ್ರು. ಈಗ ಇರೋದು ಇದೊಂದು. ಮಂಜಾಗಾದ್ರೂ ನಿನ್ನ ಮುಖ ಕಾಣುತ್ತೆ. ಇದನ್ನೂ ಕಳ್ಕೊಂಡ್ರೆ? ಭಯ ಆಗುತ್ತೆ ಕಣೇ" ಎಂದರು.

ಅಪ್ಪನ ಬಾಯಲ್ಲಿ ಭಯ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಮೂರು ವಾರ ನಾನು ಹಲ್ಲಿಯ ಜೊತೆ ವಾದ ಮಾಡಿದ್ದೆ, ಇವರ ಜೊತೆ ಮಾತಾಡಿರಲಿಲ್ಲ. ಬಹಳ ನೋವಾಯಿತು.

ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಶಾಂತವ್ವ ಒಳಗೆ ಬಂದಳು. "ಅಜ್ಜಾರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಗೇಜಿಗೆ ಹಾಕಿ ನೋಡ್ಲಾರದ ಯಾವುದನ್ನೂ ಪಾಸು ಮಾಡಂಗಿಲ್ಲ ಅಂತ ನೀವ ಹೇಳ್ತಿರ್ತೀರಲ್ರಿ. ಹಂಗಾರ ಫೇಲೂ ಮಾಡಂಗಿಲ್ಲಲ್ರಿ? ಕಣ್ಣ ಗೇಜಿಗೆ ಹಾಕ್ಲಾರದನ ಫೇಲು ಅಂತ ಬರದೀರಿ. ಮೂರು ವಾರ ಇಬ್ರೂ ಕೂಡಿ ಹಲ್ಲೀನ ಗೇಜಿಗೆ ಹಾಕ್ಕೋತ ಕುಂತೀರಿ."

ಹೇಳಿ ಅವಳು ಸಾರಿಗೆ ಒಗ್ಗರಣೆ ಹಾಕಲು ಹೋದಳು. ಇನ್‌ಸ್ಪೆಕ್ಟರಿಗೆ ಅದು ತಾಗಬೇಕಾದ ಜಾಗಕ್ಕೇ ತಾಗಿತ್ತು. ಪರೀಕ್ಷೆ ಮಾಡದೆ ಒಂದನ್ನು ತಳ್ಳಿಹಾಕಿದ ಆರೋಪ ಅವರ ಮೇಲೆ ಅದುವರೆಗೆ ಯಾರೂ ಹೊರಿಸಿರಲಿಲ್ಲ. ಊಟಕ್ಕೆ ಕೂತಾಗ, ಎರಡನೆಯ ಸಲ ಅನ್ನ ಬಡಿಸಿಕೊಳ್ಳುತ್ತಾ, "ನಾಳೆ ಫೋನ್ ಮಾಡು" ಎಂದರು.

ಆಪರೇಷನ್ನಿನ ದಿನ ಹೊರಗಿನ ಕುರ್ಚಿಯಲ್ಲಿ ನಾನೊಬ್ಬಳೇ ಕೂತಿದ್ದೆ. ಅಪ್ಪನ ಕನ್ನಡಕ ನನ್ನ ಮಡಿಲಲ್ಲಿತ್ತು. "ಕಣ್ಣು ಬರುತ್ತೆ" ಎಂದು ಮೆಲ್ಲಗೆ, ಯಾರಿಗೂ ಕೇಳಿಸದಂತೆ ಹೇಳಿದೆ. ಹೇಳಿ ಗೋಡೆ ನೋಡಿದೆ. ನುಣ್ಣನೆಯ ಬಿಳಿ ಗೋಡೆ, ಒಂದು ಹಲ್ಲಿಯೂ ಇಲ್ಲ. ಸೂರಿನ ಮೂಲೆಗಳಲ್ಲೂ ಹುಡುಕಿದೆ. ವಿಜ್ಞಾನದ ಟೀಚರು ಆಸ್ಪತ್ರೆಯಲ್ಲಿ ಹಲ್ಲಿ ಹುಡುಕುತ್ತಿರುವುದನ್ನು ನನ್ನ ವಿದ್ಯಾರ್ಥಿಗಳು ಯಾರೂ ನೋಡದಿದ್ದರೆ ಸಾಕು ಎನ್ನಿಸಿತು. ಆದರೂ ಹುಡುಕುವುದನ್ನು ಬಿಡಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಕಣ್ಣಿನ ಪಟ್ಟಿ ಬಿಚ್ಚಿದರು. ಕರಿಕನ್ನಡಕ ಹಾಕಿ ಕಳಿಸಿದರು. ಕಾಣುತ್ತದೆಯೇ ಎಂದು ದಾರಿಯುದ್ದಕ್ಕೂ ಕೇಳಿದೆ. "ಬಿಸಿಲು ಜಾಸ್ತಿ, ಮನೆಗೆ ಹೋಗಿ ಹೇಳ್ತೀನಿ" ಎಂದು ಅಪ್ಪ ಬಾಯಿ ಬಿಡಲಿಲ್ಲ. ಆಟೋದಲ್ಲಿ ಅವರ ಕೈ ಹಿಡಿದುಕೊಂಡೇ ಕೂತಿದ್ದೆ.

ಸಂಜೆ ಟ್ಯೂಬ್‌ಲೈಟ್ ನಾಲ್ಕು ಸಲ ಮಿಟುಕಿಸಿ ಹತ್ತಿತು. ಅಪ್ಪ ಬೆತ್ತದ ಕುರ್ಚಿಯಲ್ಲಿ ಕೂತು ಕರಿಕನ್ನಡಕ ತೆಗೆದರು. ಮೊದಲು ನನ್ನ ಮುಖ ನೋಡಿದರು, ಬಹಳ ಹೊತ್ತು ನೋಡಿ, "ಕೂದಲು ಇಷ್ಟೊಂದು ಯಾವಾಗ ಬೆಳ್ಳಗಾಯ್ತೇ?" ಎಂದರು. ಆಮೇಲೆ ಅಮ್ಮನ ಫೋಟೊ ನೋಡಿದರು. ಆಮೇಲೆ ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಕಣ್ಣು ನೆಟ್ಟು, ಗೇಜಿನ ಬಾಯಿಗೆ ಬೋಲ್ಟು ಹಿಡಿಯುತ್ತಿದ್ದಾಗಿನಂತೆ ಹುಬ್ಬು ಕೂಡಿಸಿದರು.

"ಎರಡಿವೆ."

"ಏನು ಎರಡಿವೆ?"

"ಹಲ್ಲಿ. ಪಟ್ಟಿಯ ಈ ಕಡೆ ಒಂದು, ಕ್ಯಾಲೆಂಡರ್ ಹಿಂದೆ ಇನ್ನೊಂದು. ಅದಕ್ಕೆ ಬಾಲ ಅರ್ಧ ಇದೆ ನೋಡು."

ನಾನು ನೋಡಿದೆ. ಇತ್ತು. ಪಟ್ಟಿಯ ಹಲ್ಲಿ ಲೊಚ್ ಲೊಚ್ ಎಂದಿತು, ಸ್ವಲ್ಪ ಹೊತ್ತಿಗೆ ಕ್ಯಾಲೆಂಡರಿನ ಹಲ್ಲಿ ಮುಂದಕ್ಕೆ ಸರಿಯಿತು. ಆಗ ನಾವಿಬ್ಬರೂ ಯಾವ ಮಾತನ್ನೂ ಆಡಿರಲಿಲ್ಲ. ಎರಡು ಕಣ್ಣೂ ಸರಿಯಾಗಿರುವ ನಾನು ಮೂರು ವಾರ ಪುಸ್ತಕ ಹಿಡಿದು ಕಾದದ್ದು ಇವುಗಳನ್ನೇ, ಒಂದು ದಿನವೂ ತಲೆ ಎತ್ತಿ ಎಷ್ಟಿವೆ ಎಂದು ನೋಡಿರಲಿಲ್ಲ.

"ಅವು ಅವುಗಳ ಪಾಡಿಗೆ ಮಾತಾಡ್ಕೊಳ್ತಾ ಇವೆ ಕಣೇ" ಎಂದು ಅಪ್ಪ ನಕ್ಕರು. "ನಾವು ಮಧ್ಯೆ ಕೂತ್ಕೊಂಡು ಕೃಷ್ಣ ಕೃಷ್ಣ ಅಂತಿದೀವಿ. ನಿನ್ನ ಪುಸ್ತಕ ರಿಜೆಕ್ಟು, ನನ್ನ ಬೀಜಾನೂ ರಿಜೆಕ್ಟು. ಪುಸ್ತಕ ತಗೊಂಡ್ಬಾ ಇಲ್ಲಿ, ಒಂದು ನುಡಿದಾಗ ಇನ್ನೊಂದು ಏನು ಮಾಡುತ್ತೆ ಅಂತ ಮೊದಲಿಂದ ಶುರು ಮಾಡೋಣ."

ನಾನು ಪುಸ್ತಕ ತಂದು, ಹೊಸ ಹಾಳೆ ತಿರುಗಿಸಿ, ಪೆನ್ನಿನ ಕ್ಯಾಪ್ ತೆಗೆದೆ. ಅಪ್ಪ ಕೈ ಚಾಚಿದರು.

"ಪೆನ್ನು ಕೊಡು. ಈ ಸಲ ನಾನೇ ಬರೀತೀನಿ."